ಹಳೇ ವಿದೇಶಿ ಸಿನಿಮಾ ನೋಡೋಕೆ ಮುಂಚೆ ಏನು ಓದ್ಕೋಬೇಕು? ಹಾಸನದಲ್ಲಿ ತೋರಿಸ್ತಿದೀವಿ, ಸಲಹೆ ಕೊಡಿ

ಹೇಮಾವತಿ ದಂಡೆ, ಹಾಸನ:
ಎಲ್ರಿಗೂ ನಮಸ್ಕಾರ. ನಾವೊಂದು ಹನ್ನೆರಡು ಜನ ಸೇರ್ಕೊಂಡು ತಿಂಗಳಿಗೆ ಎರಡು ಭಾನುವಾರ ಸಂಜೆ ಹಳೇ ವಿದೇಶಿ ಸಿನಿಮಾ ಹಾಕ್ಕೊಂಡು ನೋಡ್ತಿದೀವಿ, ಪರಿಚಯದವರ ಮನೆ ಮಹಡಿ ಮೇಲಿನ ಹಾಲು, ಒಂದು ಪ್ರೊಜೆಕ್ಟರು, ಬಿಳೀ ಗೋಡೆ, ಅಷ್ಟೇ. ಬರೋರಲ್ಲಿ ಟೀಚರ್‌ಗಳಿದಾರೆ, ಒಬ್ಬರು ಬಸ್ ಡ್ರೈವರ್ ಇದಾರೆ, ಇಬ್ರು ಡಿಗ್ರಿ ಹುಡುಗ್ರು, ಅರವತ್ತು ದಾಟಿದವರು ನಾಕು ಜನ. ಹೋದ್ಸಲ ಓಜು ಅವರ 'ಟೋಕಿಯೋ ಸ್ಟೋರಿ' ಹಾಕಿದ್ವಿ, 1953ರ ಜಪಾನಿ ಸಿನಿಮಾ. ನಾನದನ್ನ ಮೂರು ಸಲ ನೋಡಿದೀನಿ, ಮೂರು ಸಲಾನೂ ಅತ್ತಿದೀನಿ. ಆದ್ರೆ ಮುಕ್ಕಾಲು ಗಂಟೆ ಆಗೋಷ್ಟರಲ್ಲಿ ಐದು ಜನ ಎದ್ದು ಹೋದ್ರು. ಡ್ರೈವರ್ ಅಣ್ಣ ಹೋಗ್ವಾಗ "ಏನೂ ಆಗ್ತಾನೇ ಇಲ್ವಲ್ಲಮ್ಮ" ಅಂದ್ರು. ಅವರ ತಪ್ಪೇನಿಲ್ಲ, ಒಂದು ಮಾತೂ ಹೇಳ್ದೆ ಪ್ಲೇ ಒತ್ತಿದೋಳು ನಾನೇ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಮುಂದಿನ ಭಾನುವಾರ 'ಬೈಸಿಕಲ್ ಥೀವ್ಸ್' ಇದೆ, 1948ರ ಇಟಲಿ ಸಿನಿಮಾ. ಅದಕ್ಕೆ ಮುಂಚೆ ಏನು ಓದ್ಬೇಕು, ಎಷ್ಟು ಓದ್ಬೇಕು, ಬಂದವರಿಗೆ ಎಷ್ಟು ಹೇಳ್ಬೇಕು? ನೆಟ್ಟಲ್ಲಿ ಹುಡುಕಿದ್ರೆ ಒಂದಷ್ಟು ಕಡೆ ಕಥೆ ಕೊನೇ ತನಕ ಹೇಳಿಬಿಟ್ಟಿರ್ತಾರೆ, ಇನ್ನೊಂದಷ್ಟು ಕಡೆ ನಿಯೋರಿಯಲಿಸಂ ಅಂತ ಶುರು ಮಾಡ್ತಾರೆ, ನಾಕನೇ ಸಾಲಿಗೆ ಏನೂ ತಲೆಗೆ ಹತ್ತಲ್ಲ.

ಅರಸೀಕೆರೆ ಜಂಕ್ಷನ್:
ಏನೂ ಓದ್ಬೇಡಿ ಮೇಡಂ. ಮನಸ್ಸಿಂದ ಹೇಳ್ತಿದೀನಿ. ಬೇಲೂರಲ್ಲಿ ಗೈಡ್ ಕೋಲು ಎತ್ತಿ "ಇದು ದರ್ಪಣ ಸುಂದರಿ" ಅಂದ ತಕ್ಷಣ ಎಲ್ರೂ ಕೈಯಲ್ಲಿರೋ ಕನ್ನಡಿ ನೋಡಿ ಮುಂದಕ್ಕೆ ಹೋಗ್ತಾರೆ, ಆ ಮೈ ಬಳುಕು, ಕಾಲ ಹತ್ರ ಇರೋರು, ಮೇಲಿರೋ ಬಳ್ಳಿ, ಯಾರೂ ನೋಡಲ್ಲ. ನಾನು ಹದಿನೇಳನೇ ವಯಸ್ಸಲ್ಲಿ ಟಿವೀಲಿ ರಾತ್ರಿ ಅಕಸ್ಮಾತ್ ಒಂದು ಸಬ್‌ಟೈಟಲ್ ಇರೋ ಸಿನಿಮಾ ನೋಡ್ದೆ, ಯಾವ ದೇಶ ಅಂತಾನೂ ಗೊತ್ತಿರ್ಲಿಲ್ಲ, ಹೆಸರು ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಗಿದ್ದು. ಇವತ್ತಿಗೂ ಅದ್ರಲ್ಲಿದ್ದ ಮುಖಗಳು ಕಣ್ಣಲ್ಲಿವೆ. ಮೊದಲೇ ಓದಿದ್ರೆ ಓದಿದ್ದನ್ನೇ ಹುಡುಕ್ತಾ ಕೂರ್ತಿದ್ದೆ.

ಚಿಕ್ಕಮಗಳೂರು ಮೇಷ್ಟ್ರು:
ಜಂಕ್ಷನ್ ಅವರೇ, ನೀವು ಹೇಳೋದ್ರಲ್ಲಿ ಸತ್ಯ ಇದೆ, ಆದ್ರೆ ಬೇಲೂರಿಂದ ಹಾಗೇ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರದ ಗೋಡೇಲಿ ಚಕ್ರವ್ಯೂಹ ಕೆತ್ತಿದಾರೆ. ಅಭಿಮನ್ಯು ಕಥೆ ಗೊತ್ತಿಲ್ಲದೋರಿಗೆ ಅದು ಸುತ್ತುಸುತ್ತಾಗಿ ನಿಂತಿರೋ ಸೈನಿಕರು ಅಷ್ಟೇ. ಗೊತ್ತಿರೋರಿಗೆ ಒಳಗೆ ಹೋಗೋಕೆ ದಾರಿ ಗೊತ್ತಿದ್ದು ಈಚೆ ಬರೋಕೆ ಗೊತ್ತಿಲ್ಲದ ಹುಡುಗ ಕಾಣಿಸ್ತಾನೆ. ಕೆತ್ತಿದ ಶಿಲ್ಪಿ ಅದನ್ನ ಬರೆದು ತೋರಿಸ್ಲಿಲ್ಲ, ಯಾಕಂದ್ರೆ ನೋಡೋಕೆ ಬರೋ ಪ್ರತಿಯೊಬ್ಬನಿಗೂ ಗೊತ್ತಿರುತ್ತೆ ಅಂತ ಅವನಿಗೆ ಗೊತ್ತಿತ್ತು. ಹಳೇ ಸಿನಿಮಾನೂ ಹಾಗೇ. ಡೈರೆಕ್ಟರ್ ತನ್ನ ಊರಿನ ಜನಕ್ಕೆ ಅಂತ ಮಾಡಿರ್ತಾನೆ, ಅವರಿಗೆ ಗೊತ್ತಿರೋದನ್ನ ಹೇಳೋಕೆ ಹೋಗಲ್ಲ.

ಹಂಗಾಗಿ ಮೇಡಂ, ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದ ಅನುಭವದಲ್ಲಿ ಹೇಳೋದು, ಆ ಸಿನಿಮಾ ಮೊದಲನೇ ದಿನ ನೋಡಿದ ಜನಕ್ಕೆ ಯಾರೂ ಹೇಳದೇನೇ ಏನೇನು ಗೊತ್ತಿತ್ತೋ ಅಷ್ಟು ಓದ್ಕೊಂಡು ಹೋಗಿ. ಅವರಿಗೆ ಗೊತ್ತಿಲ್ಲದೇ ಇದ್ದಿದ್ದನ್ನ, ಅಂದ್ರೆ ಮುಂದೆ ಏನಾಗುತ್ತೆ, ಪಂಡಿತರು ಅದ್ರ ಬಗ್ಗೆ ಏನಂದ್ರು, ಯಾವ ಪಟ್ಟೀಲಿ ಎಷ್ಟನೇ ನಂಬರು, ಅದನ್ನೆಲ್ಲ ನೋಡಿ ಆದ್ಮೇಲೆ ಓದಿ.

ಬೈಸಿಕಲ್ ಥೀವ್ಸೇ ತಗೊಳ್ಳಿ. ರೋಮ್ ಜನಕ್ಕೆ 1948ರಲ್ಲಿ ಏನು ಗೊತ್ತಿತ್ತು? ಇಪ್ಪತ್ತು ವರ್ಷಕ್ಕೂ ಮೇಲೆ ಮುಸೊಲೀನಿ ಆಳಿದ್ದ, 1943ರಲ್ಲಿ ಅವನನ್ನ ಇಳಿಸಿದ್ರು, ಆಮೇಲೆ ಒಂಬತ್ತು ತಿಂಗಳು ಜರ್ಮನ್ನರು ಊರನ್ನ ಹಿಡ್ಕೊಂಡಿದ್ರು, 1944ರ ಜೂನಲ್ಲಿ ಬಿಡುಗಡೆ ಆಯ್ತು. ಯುದ್ಧ ಮುಗೀತು, ಕೆಲಸ ಸಿಗ್ಲಿಲ್ಲ. ಸಿನಿಮಾ ಶುರುವಾಗೋದೇ ಕೆಲಸಕ್ಕೆ ಕಾಯ್ಕೊಂಡು ನಿಂತಿರೋ ಗುಂಪಿಂದ. ಅಂತೋನಿಯೋ ಅನ್ನೋನ ಹೆಸರು ಕೂಗ್ತಾರೆ, ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ, ಸೈಕಲ್ ಇರ್ಲೇಬೇಕು. ಅವರ ಮನೆ ಇರೋದು ವಾಲ್ ಮೆಲೈನಾ ಅಂತ, ರೋಮ್ ಹೊರಗೆ ಕಟ್ಟಿದ ಬಡಾವಣೆ. ಬಿಲ್ಡಿಂಗ್ ದೊಡ್ಡದಾಗಿದೆ, ಹೆಂಗಸರು ಬಕೆಟ್ಟಲ್ಲಿ ನೀರು ಹೊರ್ತಿರ್ತಾರೆ. ಇದನ್ನ ಒಂದು ಸಲ ಹೇಳಿದ್ರೆ ಸಾಕು, ಊರಿಂದ ಅಷ್ಟು ದೂರ ಇರೋನಿಗೆ ಸೈಕಲ್ ಅಂದ್ರೆ ಏನು ಅಂತ ಹಾಸನದಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ಇನ್ನೊಂದು, ಅದ್ರಲ್ಲಿ ಗಿರವಿ ಕಚೇರಿ ಬರುತ್ತೆ. ಇಟಲೀಲಿ ಅದು ಸೇಠು ಅಂಗಡಿ ಥರ ಅಲ್ಲ, ಬಡವರು ಬಡ್ಡಿಗೆ ಬಲಿಯಾಗ್ಬಾರ್ದು ಅಂತ ಹದಿನೈದನೇ ಶತಮಾನದಲ್ಲೇ ಶುರುವಾದ ಧರ್ಮದ ಗಿರವಿ ಸಂಸ್ಥೆಗಳು, ದೊಡ್ಡ ಸರ್ಕಾರಿ ಆಫೀಸು ಇದ್ದಂಗಿರುತ್ತೆ. ಸೈಕಲ್ ಅಲ್ಲಿ ಅಡ ಇದೆ. ಬಿಡಿಸೋಕೆ ದುಡ್ಡಿಲ್ಲ. ಹೆಂಡತಿ ಮರಿಯಾ ಮಂಚದ ಮೇಲಿನ ಹಾಸಿನ ಬಟ್ಟೆಗಳನ್ನೆಲ್ಲ ಎಳ್ದು ಗಂಟು ಕಟ್ತಾಳೆ.

ಹೊಳೆನರಸೀಪುರ ಹುಡುಗ:
ಮೇಷ್ಟ್ರೇ ಆ ಹಾಸಿನ ಬಟ್ಟೆ ಸೀನು ನೋಡಿದಾಗ ನಾನು ಸಿನಿಮಾ ನಿಲ್ಸಿ ಈಚೆ ಎದ್ದು ಹೋಗಿದ್ದೆ. ನಮ್ಮಪ್ಪ ಆಲೂಗಡ್ಡೆ ಹಾಕ್ತಿದ್ರು, ಬಿತ್ತನೆ ಗಡ್ಡೆ ಜಲಂಧರ್ ಕಡೆಯಿಂದ ಲಾರೀಲಿ ಬರುತ್ತೆ, ಮೇ ತಿಂಗಳಲ್ಲಿ ದುಡ್ಡು ಕಟ್ಟಿ ತಗೋಬೇಕು, ಆಗ ಯಾವ ರೈತನ ಹತ್ರಾನೂ ದುಡ್ಡಿರಲ್ಲ. ಒಂದ್ ವರ್ಷ ಅಮ್ಮ ಕಿವಿ ಓಲೆ ಬಿಚ್ಚಿ ಕರ್ಚೀಫಲ್ಲಿ ಗಂಟು ಹಾಕಿ ಅಪ್ಪನ ಜೇಬಿಗೆ ತುರುಕಿದ್ದು ನಂಗೆ ನೆನಪಿದೆ, ಆಮೇಲೆ ಕಿವಿ ತೂತು ಮುಚ್ಚಿ ಹೋಗ್ಬಾರ್ದು ಅಂತ ಬೇವಿನ ಕಡ್ಡಿ ಸಿಗಿಸ್ಕೊಂಡಿದ್ರು. ಆ ವರ್ಷ ಅಂಗಮಾರಿ ರೋಗ ಬಂದು ಗಡ್ಡೆ ಎಲ್ಲಾ ಕೊಳೀತು, ಓಲೆ ವಾಪಸ್ ಬರ್ಲೇ ಇಲ್ಲ. ಸಿನಿಮಾದಲ್ಲಿ ಗಿರವಿ ಆಫೀಸಿನವನು ಮರಿಯಾ ಕೊಟ್ಟ ಗಂಟನ್ನ ತಗೊಂಡು ಹಿಂದೆ ಇರೋ ಕಪಾಟು ಹತ್ತೋಕೆ ಶುರು ಮಾಡ್ತಾನೆ, ಹತ್ತುತ್ತಾನೆ ಹತ್ತುತ್ತಾನೆ, ಕ್ಯಾಮೆರಾ ಅವನ ಜೊತೆ ಮೇಲಕ್ಕೆ ಹೋಗುತ್ತೆ, ಮೇಲಿನ ತನಕ ಬರೀ ಗಂಟುಗಳೇ. ಎಲ್ಲಾ ಬೇರೆ ಬೇರೆ ಮನೆಯವರ ಹಾಸಿಗೆ ಬಟ್ಟೆ. ಯಾರೂ ಒಂದು ಮಾತಾಡಲ್ಲ. ಅದಕ್ಕೆ ಏನು ಓದ್ಬೇಕ್ರೀ, ನಮ್ಮನೇಲೇ ಓದಿದೀವಲ್ಲ.

ಅರಸೀಕೆರೆ ಜಂಕ್ಷನ್:
ಅದನ್ನೇ ನಾನು ಹೇಳಿದ್ದು.

ಚಿಕ್ಕಮಗಳೂರು ಮೇಷ್ಟ್ರು:
ಹೌದು, ಒಪ್ತೀನಿ, ಇದಕ್ಕೆ ಪುಸ್ತಕ ಬೇಕಾಗಿಲ್ಲ. ಆದ್ರೆ ಹುಡುಗ್ರೇ, ಆ ಕಪಾಟಲ್ಲಿರೋ ಗಂಟುಗಳು 1948ರ ರೋಮಿನವು, ಅಷ್ಟು ಮನೆಯವರು ಒಟ್ಟಿಗೆ ಅಡ ಇಡೋ ಸ್ಥಿತಿಗೆ ಬಂದಿದ್ದಕ್ಕೆ ಒಂದು ಯುದ್ಧ, ಒಂದು ಸರ್ವಾಧಿಕಾರ ಹಿಂದೆ ಇದೆ. ನಿಮ್ಮ ಅಮ್ಮನ ಓಲೆ ನಿಮ್ಮನ್ನ ಆ ಸಿನಿಮಾದ ಬಾಗಿಲ ತನಕ ಕರ್ಕೊಂಡು ಹೋಯ್ತು. ಇತಿಹಾಸ ಗೊತ್ತಿದ್ರೆ ಒಳಗೂ ಹೋಗ್ತೀರಿ.

ಕೊಪ್ಪದ ಭಾಗವತ:
ನಾನು ಯಕ್ಷಗಾನ ನೋಡ್ಕೊಂಡೇ ಬೆಳೆದವನು ಮಾರಾಯ್ರೆ, ಸಿನಿಮಾ ಜ್ಞಾನ ಅಷ್ಟಕ್ಕಷ್ಟೇ, ಆದ್ರೆ ಇದನ್ನ ಹೇಳ್ಲೇಬೇಕು. ಜಪಾನಿನ ಡೈರೆಕ್ಟರ್ ಕುರೊಸಾವಾ ಅವರ 'ಥ್ರೋನ್ ಆಫ್ ಬ್ಲಡ್' ಅಂತ 1957ರದ್ದು, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೇನ ಜಪಾನಿನ ಸಮುರಾಯ್ ಕಾಲಕ್ಕೆ ತಂದಿದ್ದು. ಮೊದಲನೇ ಸಲ ನೋಡಿದಾಗ ಆ ಹೆಂಡತಿ ಪಾತ್ರದವಳು ಎಂತಕ್ಕೆ ಹಿಂಗೆ ಗೊಂಬೆ ಥರ ಕೂತಿದಾಳೆ, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ ಅಂತ ಬೇಜಾರಾಗಿತ್ತು. ಆಮೇಲೆ ಅವರ 'ನೋ' ಅನ್ನೋ ರಂಗಕಲೆ ಬಗ್ಗೆ ನಾಕು ಪುಟ ಓದಿದೆ. ಮುಖವಾಡ ಹಾಕ್ಕೊಂಡು ಆಡೋ ಕಲೆ ಅದು, ನೂರಾರು ವರ್ಷ ಹಳೇದು, ಹೆಜ್ಜೆ ಎತ್ತದೆ ಜಾರಿಸ್ಕೊಂಡು ನಡೀತಾರೆ, ಹಿಮ್ಮೇಳದಲ್ಲಿ ಕೊಳಲು ಡೋಲು. ಕುರೊಸಾವಾ ಒಬ್ಬೊಬ್ಬ ನಟರಿಗೂ ಅವರವರ ಪಾತ್ರಕ್ಕೆ ಹೊಂದೋ ನೋ ಮುಖವಾಡದ ಫೋಟೋ ತೋರಿಸಿ ಇದು ನಿಮ್ಮ ಮುಖ ಅಂತ ಹೇಳಿದ್ರಂತೆ. ಇಷ್ಟು ಗೊತ್ತಾದ್ಮೇಲೆ ಎರಡನೇ ಸಲ ನೋಡಿದೆ ನೋಡಿ, ಬೇರೆ ಸಿನಿಮಾನೇ ಆಗಿತ್ತು. ರಾಜನ ಕೊಲೆಗೆ ಮುಂಚೆ ಅವಳು ಕಾವಲುಗಾರರಿಗೆ ಮದ್ದು ಹಾಕಿದ ಮದ್ಯ ತರೋಕೆ ಹೋಗ್ತಾಳೆ, ಹಿಂದೆ ಇರೋ ಕತ್ತಲ ಬಾಗಿಲಿಗೆ ಹಾಗೇ ಕರಗಿ ಹೋಗ್ತಾಳೆ, ಪರದೆ ಮೇಲೆ ಬರೀ ಕಪ್ಪು, ರೇಷ್ಮೆ ಬಟ್ಟೆ ನೆಲಕ್ಕೆ ಸವರೋ ಸರ ಸರ ಸದ್ದು ಮಾತ್ರ ಕೇಳುತ್ತೆ, ಆಮೇಲೆ ಅದೇ ಕತ್ತಲಿಂದ ಕೈಯಲ್ಲಿ ಪಾತ್ರೆ ಹಿಡ್ಕೊಂಡು ಮತ್ತೆ ಮೂಡ್ತಾಳೆ. ನಮ್ಮಲ್ಲಿ ತೆರೆ ಹಿಂದೆ ರಾಕ್ಷಸ ವೇಷ ನಿಂತು ಬರೀ ಗೆಜ್ಜೆ ಸದ್ದು ಕೇಳಿಸ್ತದಲ್ಲ, ಆಗ ಚಿಕ್ಕ ಮಕ್ಕಳ ಎದೆ ಹೊಡ್ಕೊಳ್ತದಲ್ಲ, ಅದೇ.

ಒಂದು ಮಾತು ಹೇಳ್ತೀನಿ, ಯಕ್ಷಗಾನದಲ್ಲಿ ಯಾರೂ ಮುಂದೇನಾಗ್ತದೆ ಅಂತ ನೋಡೋಕೆ ಬರಲ್ಲ. ಕೀಚಕ ಸಾಯ್ತಾನೆ ಅಂತ ಎಲ್ರಿಗೂ ಗೊತ್ತು. ಈ ಸಲದ ಕೀಚಕ ಹೇಗೆ ಮಾಡ್ತಾನೆ ಅಂತ ನೋಡೋಕೆ ಬೆಳಗಿನ ತನಕ ಕೂರ್ತಾರೆ. ಹಂಗಾಗಿ ಕೆಲವು ಸಿನಿಮಾಕ್ಕೆ ಕಥೆ ಗೊತ್ತಿದ್ರೆ ನಷ್ಟ ಇಲ್ಲ, ಲಾಭಾನೇ.

ಡಿಗ್ರಿ ಫೈನಲ್ ಇಯರ್:
ಭಾಗವತ್ರೇ ಮ್ಯಾಕ್‌ಬೆತ್ ಕನ್ನಡದಲ್ಲೇ ಇದೆ, ಡಿವಿಜಿ 1936ರಲ್ಲೇ ಅನುವಾದ ಮಾಡಿದಾರೆ. ನಾನು ಲೈಬ್ರರೀಲಿ ತಗೊಂಡು ಓದಿ ಆಮೇಲೆ ಈ ಸಿನಿಮಾ ನೋಡಿದ್ದು. ಇಂಗ್ಲಿಷ್ ಸಬ್‌ಟೈಟಲ್ ಓದೋ ಸ್ಪೀಡು ನಂಗೆ ಕಮ್ಮಿ, ಓದೋಷ್ಟರಲ್ಲಿ ಸೀನೇ ಹೋಗಿರುತ್ತೆ, ಕಥೆ ಮೊದಲೇ ಗೊತ್ತಿದ್ರಿಂದ ಕೆಳಗೆ ನೋಡೋದು ಬಿಟ್ಟು ಮುಖ ನೋಡೋಕಾಯ್ತು. ಮೇಡಂ ನಿಮ್ಮಲ್ಲಿ ಬರೋ ವಯಸ್ಸಾದವರಿಗೂ ಇದೇ ಪ್ರಾಬ್ಲಮ್ ಇರ್ಬಹುದು, ಸಿನಿಮಾ ಬೋರ್ ಆಗಿರಲ್ಲ, ಅಕ್ಷರದ ಹಿಂದೆ ಓಡಿ ಸುಸ್ತಾಗಿರ್ತಾರೆ. ಯಾರು ಯಾರಿಗೆ ಏನಾಗ್ಬೇಕು ಅಂತ ಒಂದು ಹಾಳೇಲಿ ಕನ್ನಡದಲ್ಲಿ ಬರ್ದು ಕೊಡಿ.

ಎರಡು ಮಹಾಯುದ್ಧದ ಬಗ್ಗೆ ಗೊತ್ತಿಲ್ದೆ ಇದ್ರೆ ದೊಡ್ಡ ಪುಸ್ತಕ ಏನೂ ಬೇಡ, ಹತ್ತನೇ ಕ್ಲಾಸ್ ಸಮಾಜ ವಿಜ್ಞಾನದಲ್ಲಿ ಪಾಠ ಇದೆ, ಅದೇ ಸಾಕು ಶುರು ಮಾಡೋಕೆ. ಕುರೊಸಾವಾ ಅವರದ್ದೇ 'ರಾಶೋಮನ್' ನೋಡೋರಿಗೆ, ಆ ಸಿನಿಮಾಕ್ಕೆ ಆಧಾರವಾದ, ಜಪಾನಿ ಲೇಖಕ ಅಕುತಗಾವ ಬರೆದ ಎರಡು ಸಣ್ಣ ಕಥೆ ಇದೆ, ಒಂದು 1915ರದ್ದು, ಒಂದು 1922ರದ್ದು, ಎರಡೂ ಸೇರಿ ಒಂದ್ ಗಂಟೇಲಿ ಮುಗಿಯುತ್ತೆ. ಆದ್ರೆ ಅದನ್ನ ನೋಡಿದ್ಮೇಲೆ ಓದಿ, ಯಾರು ನಿಜ ಹೇಳ್ತಿದಾರೆ ಅಂತ ಗೊತ್ತಾಗದೆ ಒದ್ದಾಡೋದೇ ಅಲ್ಲಿ ಮುಖ್ಯ, ಅದನ್ನ ಯಾರೂ ಕಿತ್ಕೋಬಾರ್ದು.

ಅರಸೀಕೆರೆ ಜಂಕ್ಷನ್:
ಈ ಮಾತಿಗೆ ನಂದೊಂದು ಓಟು. ದಯವಿಟ್ಟು ಯಾರೂ ಬೈಸಿಕಲ್ ಥೀವ್ಸ್ ಕೊನೇಲಿ ಏನಾಗುತ್ತೆ ಅಂತ ಇಲ್ಲಿ ಬರೀಬೇಡಿ, ಆ ಹನ್ನೆರಡು ಜನದಲ್ಲಿ ಯಾರಾದ್ರೂ ಓದ್ತಿರ್ಬಹುದು.

ಹೇಮಾವತಿ ದಂಡೆ, ಹಾಸನ:
ಓದ್ತಿದಾರೆ, ಡಿಗ್ರಿ ಹುಡುಗ್ರು ಇಬ್ರೂ ಓದ್ತಿದಾರೆ. ಯಾರೂ ಬರೀಬೇಡಿ. ಹೆಸರಿನ ಬಗ್ಗೆನೂ ಬೇಡ, ಇಟಾಲಿಯನ್ ಹೆಸರಲ್ಲಿ ಕಳ್ಳರು ಅಂತ ಬಹುವಚನ ಇದೆ, ಅಮೆರಿಕದಲ್ಲಿ ಒಬ್ಬ ಕಳ್ಳ ಅಂತ ಏಕವಚನ ಮಾಡಿ ಬಿಡುಗಡೆ ಮಾಡಿದ್ರು, ಅಷ್ಟು ಮಾತ್ರ ಹೇಳ್ತೀನಿ, ಯಾಕೆ ಅನ್ನೋದು ನೋಡಿದ್ಮೇಲೆ ಮಾತಾಡೋಣ.

ಶೃಂಗೇರಿ ತುಂಗೆ:
ನಾನು ಗೃಹಿಣಿ, ಓದು ಪಿಯುಸಿಗೆ ನಿಂತಿದ್ದು. ಬೆರ್ಗ್‌ಮನ್ ಅವರ 'ಸೆವೆಂತ್ ಸೀಲ್' ಮಗಳು ಹಾಕಿಕೊಟ್ಲು, ಸ್ವೀಡನ್ನಿನದ್ದು, 1957. ಯುದ್ಧ ಮುಗಿಸ್ಕೊಂಡು ಊರಿಗೆ ಬರೋ ಸರದಾರ ಸಾವಿನ ಜೊತೆ ಚದುರಂಗ ಆಡ್ತಾನೆ. ಹೆಸರಿನ ಅರ್ಥ ಗೊತ್ತಿರ್ಲಿಲ್ಲ. ಬೈಬಲ್ಲಿನ ಕೊನೇ ಪುಸ್ತಕ ಪ್ರಕಟನೆಯಲ್ಲಿ ಏಳನೇ ಮುದ್ರೆ ಒಡೆದಾಗ ಸ್ವರ್ಗದಲ್ಲಿ ಅರ್ಧ ಗಂಟೆಯಷ್ಟು ಹೊತ್ತು ನಿಶ್ಶಬ್ದ ಆಯ್ತು ಅಂತ ಇದೆ, ಆ ಸಾಲಿಂದ ಬಂದಿದ್ದು. ಪಕ್ಕದ ಮನೆಯವರ ಕನ್ನಡ ಬೈಬಲ್ ಇಸ್ಕೊಂಡು ಆ ಒಂದು ಪುಟ ಓದಿದೆ. ಚದುರಂಗದ ಚಿತ್ರಾನೂ ಬೆರ್ಗ್‌ಮನ್ ಸುಮ್ನೆ ಹುಟ್ಟಿಸ್ಕೊಂಡಿದ್ದಲ್ಲ, ಸ್ವೀಡನ್ನಿನ ಟೇಬಿ ಅನ್ನೋ ಊರಿನ ಚರ್ಚಲ್ಲಿ ಐನೂರು ವರ್ಷದ ಹಿಂದೆ ಬರೆದ ಚಿತ್ರ ಇದೆ, ಸಾವು ಮನುಷ್ಯನ ಜೊತೆ ಚದುರಂಗ ಆಡ್ತಿರೋದು.

ಆದ್ರೆ ನಂಗೆ ಆ ಸಿನಿಮಾ ಹತ್ರ ಆಗಿದ್ದು ಪ್ಲೇಗಿಂದ. ನಮ್ಮಜ್ಜಿ ಹೇಳ್ತಿದ್ರು, ಇಲಿ ಬಿತ್ತು ಅಂದ್ರೆ ಮನೆ ಬಿಟ್ಟು ತೋಟದಲ್ಲಿ ಗುಡ್ಲು ಹಾಕ್ಕೊಂಡಿರೋದು, ಊರೆಲ್ಲಾ ಖಾಲಿ, ದೇವಸ್ಥಾನಕ್ಕೆ ಮಾತ್ರ ಒಬ್ಬರು ದೀಪ ಹಚ್ಚೋಕೆ ಹೋಗ್ತಿದ್ರಂತೆ. 'ಸಂಸ್ಕಾರ'ದಲ್ಲೂ ಅದೇ ಪ್ಲೇಗು, ಅದೇ ಸತ್ತು ಬಿದ್ದಿರೋ ಇಲಿಗಳು. 1970ರ ಆ ಸಿನಿಮಾ ತೆಗೆದಿದ್ದು ನಮ್ಮೂರ ಹತ್ರ ವೈಕುಂಠಪುರದಲ್ಲೇ, ಕ್ಯಾಮೆರಾ ಹಿಡಿದಿದ್ದು ಟಾಮ್ ಕೋವನ್ ಅಂತ ಆಸ್ಟ್ರೇಲಿಯಾದವರು. ನಮ್ಮ ಅಗ್ರಹಾರ, ಹೊಳೆ ದಂಡೆ ಹೊರಗಿನವರ ಕಣ್ಣಿಗೆ ಹೇಗೆ ಕಂಡಿದೆ ಅಂತ ನೋಡಿ. ಆಸ್ಟ್ರೇಲಿಯಾದಲ್ಲಿ ಕೂತು 'ಸಂಸ್ಕಾರ' ನೋಡೋರಿಗೆ ಹೆಣ ಎತ್ತೋವರೆಗೂ ಅಗ್ರಹಾರದಲ್ಲಿ ಯಾಕೆ ಯಾರೂ ಊಟ ಮಾಡಲ್ಲ ಅಂತ ಯಾರಾದ್ರೂ ಹೇಳ್ಬೇಕು ತಾನೆ? ಹೇಳ್ದೇ ಇದ್ರೆ ಆ ಹಸಿವು ಅವರಿಗೆ ತಿಳಿಯೋದೇ ಇಲ್ಲ. ನಾವು ಅವರ ಸಿನಿಮಾ ನೋಡುವಾಗ ಅದೇ ಜಾಗದಲ್ಲಿ ಕೂತಿರ್ತೀವಿ.

ಚಿಕ್ಕಮಗಳೂರು ಮೇಷ್ಟ್ರು:
ಅಮ್ಮಾ, ನಾನು ಅಷ್ಟುದ್ದ ಬರೆದಿದ್ದನ್ನ ನೀವು ಆ ಊಟದ ಮಾತಲ್ಲಿ ಹೇಳಿಬಿಟ್ರಿ. ಹೆಗ್ಗೋಡಲ್ಲಿ ಸುಬ್ಬಣ್ಣನವರು ಮಾಡಿದ್ದೂ ಇದನ್ನೇ, ಎಪ್ಪತ್ತರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಹಳ್ಳಿ ಜನಕ್ಕೆ ಪ್ರಪಂಚದ ಸಿನಿಮಾ ತೋರಿಸಿದ್ರು, ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಸತೀಶ್ ಬಹಾದ್ದೂರ್ ಅವರನ್ನ ಕರೆಸಿ, ಸಿನಿಮಾ ಸವಿಯೋದು ಹೇಗೆ ಅಂತ ಕಲಿಸೋ ರಸಗ್ರಹಣ ಶಿಬಿರ ಮಾಡಿದ್ರು. ಅಡಿಕೆ ಸುಲಿಯೋರಿಗೆ ಇದೆಲ್ಲ ಅರ್ಥ ಆಗಲ್ಲ ಅಂತ ಅವರು ಅಂದ್ಕೊಳ್ಳಲಿಲ್ಲ.

ಸಕಲೇಶಪುರ ಘಾಟಿ:
ಮೇಡಂ ನಾನು ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಟೋಕಿಯೋ ಸ್ಟೋರಿನ ಬಿಡ್ಬೇಡಿ, ಇನ್ನೊಂದ್ಸಲ ಹಾಕಿ. ಹಾಕೋ ಮುಂಚೆ ಇಷ್ಟು ಹೇಳಿ. ವಯಸ್ಸಾದ ಗಂಡ ಹೆಂಡ್ತಿ ಇರೋ ಊರು ಓನೊಮಿಚಿ, ಹಿರೋಶಿಮಾ ಪ್ರಾಂತ್ಯದಲ್ಲಿದೆ, ಅಲ್ಲಿಂದ ಟೋಕಿಯೋಗೆ ಬಹಳ ದೂರದ ರೈಲು ಪ್ರಯಾಣ. ಯುದ್ಧ ಸೋತು ಎಂಟು ವರ್ಷ ಆಗಿದೆ, ಟೋಕಿಯೋ ಬಾಂಬಿಗೆ ಸುಟ್ಟು ಮತ್ತೆ ಎದ್ದಿರೋ ಊರು. ಅವರ ಒಬ್ಬ ಮಗ ಯುದ್ಧದಲ್ಲಿ ಹೋಗಿದಾನೆ, ಅವನ ಹೆಂಡ್ತಿ ನೊರಿಕೊ ಒಂದೇ ರೂಮಿನ ಮನೇಲಿ ಒಂಟಿಯಾಗಿದಾಳೆ. ಆಮೇಲೆ ಕ್ಯಾಮೆರಾ ಯಾಕೆ ಅಷ್ಟು ಕೆಳಗಿದೆ ಅಂತ ಹೇಳಿ, ಚಾಪೆ ಮೇಲೆ ಕೂತೋರ ಮಟ್ಟಕ್ಕೆ ಓಜು ಇಟ್ಟಿರ್ತಾರೆ, ನಮ್ಮ ಹಳೇ ಮನೆ ಜಗಲೀಲಿ ಕೂತು ನೋಡಿದಂಗೆ. ಮಧ್ಯ ಮಧ್ಯ ಚಿಮಣಿ, ಒಣಗಿ ಹಾಕಿದ ಬಟ್ಟೆ, ರೈಲು ಬರುತ್ತಲ್ಲ, ಜಪಾನಿ ಕಾವ್ಯದಲ್ಲಿ ದಿಂಬಿನ ಪದ ಅಂತ ಒಂದು ಪದ್ಧತಿ ಇದೆಯಂತೆ, ಅದನ್ನ ನೆನಪಿಸ್ಕೊಂಡು ವಿಮರ್ಶಕರು ಅಂಥ ಶಾಟ್‌ಗಳನ್ನೂ ದಿಂಬು ಅಂತಾರೆ. ಅವಸರ ಬೇಡ, ಅಲ್ಲಿ ತಲೆ ಇಟ್ಟು ಒಂದು ಕ್ಷಣ ಇರಿ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

ಶುರುವಿನಲ್ಲೇ ಅಪ್ಪ ಅಮ್ಮ ಬ್ಯಾಗ್ ಕಟ್ತಿರ್ತಾರೆ. ಗಾಳಿ ತುಂಬೋ ದಿಂಬು ಎಲ್ಲಿ ಅಂತ ಅಮ್ಮ ಕೇಳ್ತಾರೆ, ನಿನಗೇ ಕೊಟ್ನಲ್ಲ ಅಂತಾರೆ ಅಪ್ಪ, ನನ್ನ ಹತ್ರ ಇಲ್ಲ ಅಂತಾರೆ ಅಮ್ಮ, ಹುಡುಕ್ತಾರೆ, ಆಮೇಲೆ ಅಪ್ಪನ ಹತ್ರಾನೇ ಸಿಗುತ್ತೆ. ಅಷ್ಟೇ. ಏನೂ ಆಗಲ್ಲ ಅಂತ ಎದ್ದು ಹೋದವರು ಅದನ್ನ ನೋಡಿರ್ತಾರೆ, ಆದ್ರೆ ಅದೇ ಎಲ್ಲಾ. ನಮ್ಮಪ್ಪ ಅಮ್ಮ ಬೆಂಗಳೂರಿಗೆ ನಮ್ಮಣ್ಣನ ಮನೆಗೆ ಹೊರಟಾಗ ಟಾರ್ಚಿಗೋಸ್ಕರ ಹಿಂಗೇ ಜಗಳ ಆಡಿದ್ರು. ಒಂದು ಹಲಸಿನ ಹಣ್ಣು, ಎರಡು ಕೆಜಿ ಕಾಫಿ ಪುಡಿ, ಕಡುಬಿನ ಅಕ್ಕಿತರಿ ಹೊತ್ಕೊಂಡು ಹೋದ್ರು. ಅಣ್ಣನಿಗೆ ರಜ ಇಲ್ಲ, ಅತ್ತಿಗೆಗೂ ಆಫೀಸು, ಮೂರನೇ ದಿನಕ್ಕೆ ಅವರಿಬ್ಬರಿಗೂ ತಿರುಪತಿ ಟೂರ್ ಪ್ಯಾಕೇಜ್ ಬುಕ್ ಮಾಡಿ ಬಸ್ ಹತ್ತಿಸಿದ್ರು. ಕೆಟ್ಟವರಲ್ಲ ಅವರು. ಸಿನಿಮಾದಲ್ಲೂ ಮಕ್ಕಳು ದುಡ್ಡು ಹಾಕ್ಕೊಂಡು ಅಪ್ಪ ಅಮ್ಮನ್ನ ಅತಾಮಿ ಅನ್ನೋ ಬಿಸಿನೀರಿನ ಊರಿಗೆ ಕಳಿಸ್ತಾರೆ, ರಾತ್ರಿಯೆಲ್ಲಾ ಪಕ್ಕದ ರೂಮಲ್ಲಿ ಹುಡುಗ್ರ ಗಲಾಟೆ, ನಿದ್ದೆ ಇಲ್ಲ, ಬೆಳಿಗ್ಗೆ ಸಮುದ್ರದ ಕಟ್ಟೆ ಮೇಲೆ ಇಬ್ರೇ ಕೂತು ಊರಿಗೆ ಹೋಗೋಣ ಅಂತಾರೆ. ನಮ್ಮಮ್ಮ ತಿರುಪತಿಯಿಂದ ಫೋನ್ ಮಾಡಿ "ದರ್ಶನ ಚೆನ್ನಾಗಾಯ್ತು, ಹಟ್ಟೀಲಿ ಹಸು ಹೇಗಿದೆ" ಅಂತ ಕೇಳಿದ್ರು. ಈಗ ಅಮ್ಮ ಇಲ್ಲ.

ಹೇಮಾವತಿ ದಂಡೆ, ಹಾಸನ:
ಘಾಟಿ ಅವರೇ, ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಹೇಮಾವತಿ ದಂಡೆ, ಹಾಸನ:
ನಿನ್ನೆ ಶೋ ಆಯ್ತು, ಹೇಳ್ಬೇಕು ಅಂತ ಬಂದೆ. ಹದಿನಾಲ್ಕು ಜನ ಬಂದಿದ್ರು. ಮೇಷ್ಟ್ರು ಹೇಳಿದಂಗೆ ಒಂದೇ ಹಾಳೆ ಮಾಡಿದ್ದೆ, ಮುಸೊಲೀನಿ, ಜರ್ಮನ್ನರು, ಕೆಲಸ ಇಲ್ಲ, ಊರಾಚೆ ಮನೆ, ಗಿರವಿ ಕಚೇರಿ, ಯಾರು ಯಾರಿಗೆ ಏನು. ಆಕ್ಟ್ ಮಾಡಿದ ಅಪ್ಪ ನಿಜವಾಗ್ಲೂ ಕಾರ್ಖಾನೆ ಕೆಲಸಗಾರ, ನಟ ಅಲ್ಲ ಅಂತ ಒಂದು ಸಾಲು ಸೇರಿಸಿದ್ದೆ. ಓದೋಕೆ ಏಳು ನಿಮಿಷ. ಕಥೆ ಸೈಕಲ್ ಬಿಡಿಸ್ಕೊಳ್ಳೋ ತನಕ ಮಾತ್ರ ಹೇಳ್ದೆ.

ಡ್ರೈವರ್ ಅಣ್ಣ ಬಂದಿದ್ರು. ಗಂಟು ಇಟ್ಕೊಂಡು ಕಪಾಟು ಹತ್ತೋ ಸೀನಲ್ಲಿ ಹಿಂದಿನ ಸಾಲಿಂದ "ಅಯ್ಯೋ ಎಷ್ಟೊಂದು" ಅಂತ ಅವರ ದನಿ ಕೇಳಿಸ್ತು, ಜೋರಾಗೇನಲ್ಲ, ಅವರಷ್ಟಕ್ಕೆ. ಹೋಟ್ಲಲ್ಲಿ ಮಗು ಚೀಸ್ ಎಳ್ಕೊಂಡು ತಿನ್ನುತ್ತಾ ಪಕ್ಕದ ಟೇಬಲ್ಲಿನ ಸಾಹುಕಾರ್ರ ಹುಡುಗನ್ನ ತಿರುತಿರುಗಿ ನೋಡುತ್ತಲ್ಲ, ಅಲ್ಲಿ ಎಲ್ರೂ ನಕ್ರು, ಹಾಗೇ ನಗು ನಿಂತೋಯ್ತು. ಅದನ್ನ ನಾನು ಹಾಳೇಲಿ ಬರೆದಿರ್ಲಿಲ್ಲ, ಜಂಕ್ಷನ್ ಅವರೇ ಅಲ್ಲಿ ನೀವು ಹೇಳಿದ್ದೇ ಸರಿ. ಕೊನೇಲಿ ಲೈಟ್ ಹಾಕೋಕೆ ಯಾರೂ ಏಳ್ಲಿಲ್ಲ ಸ್ವಲ್ಪ ಹೊತ್ತು. ಯಾರೂ ಮಧ್ಯದಲ್ಲಿ ಹೋಗ್ಲಿಲ್ಲ.

ಕಾಫಿ ಕುಡೀತಾ ಘಾಟಿ ಅವರು ಬರೆದಿದ್ದನ್ನ ಫೋನಲ್ಲೇ ಎಲ್ರಿಗೂ ಓದಿ ಹೇಳ್ದೆ, ಬೇಜಾರು ಮಾಡ್ಕೋಬೇಡಿ, ಹೆಸರೇನೂ ಹೇಳ್ಲಿಲ್ಲ. ಡ್ರೈವರ್ ಅಣ್ಣ ಲೋಟ ಕೆಳಗಿಟ್ಟು "ಆ ಗಾಳಿ ದಿಂಬಿಂದು ಇನ್ನೊಂದ್ಸಲ ಹಾಕಮ್ಮ, ಅವತ್ತು ನಾನು ನೋಡ್ಲಿಲ್ಲ" ಅಂದ್ರು. ಮುಂದಿನ ಶೋ ಅದೇ, ಮೂರನೇ ಭಾನುವಾರ, ಸಂಜೆ ಐದೂವರೆಗೆ ಶುರು, ಸಿನಿಮಾ ಎರಡೂಕಾಲು ಗಂಟೆ ಇದೆ. ಹಾಳೆ ಘಾಟಿ ಅವರೇ ಬರ್ದು ಕೊಡ್ತೀರಾ?

ಸಕಲೇಶಪುರ ಘಾಟಿ:
ಬರೀತೀನಿ. ನಮ್ಮಪ್ಪನ್ನೂ ಕರ್ಕೊಂಡು ಬರ್ತೀನಿ. ಮಹಡಿ ಮೆಟ್ಲಿಗೆ ಕೈ ಹಿಡ್ಕೊಳ್ಳೋಕೆ ಕಂಬಿ ಇದೆಯಾ?

ಹೇಮಾವತಿ ದಂಡೆ, ಹಾಸನ:
ಇದೆ. ಕುರ್ಚಿ ಮುಂದಿನ ಸಾಲಲ್ಲೇ ಹಾಕಿಸ್ತೀನಿ.

ಅರಸೀಕೆರೆ ಜಂಕ್ಷನ್:
ನಾನೂ ಬರ್ತೀನಿ ಮೇಡಂ. ಸಿನಿಮಾ ಮುಗಿದ್ಮೇಲೆ ಅರಸೀಕೆರೆಗೆ ಬಸ್ ಸಿಗುತ್ತಾ, ಡ್ರೈವರ್ ಅಣ್ಣನ್ನ ಕೇಳಿ ಹೇಳಿ.